ಛಾಪಾ ಕಾಗದದಿಂದ ಮದುವೆ ಮುರಿಯುವುದಿಲ್ಲ

ಕಳೆದ ವರ್ಷ ಶ್ರಾವಣದ ಒಂದು ಭಾನುವಾರ. ರೊಟ್ಟಿಗೆ ಹಿಟ್ಟು ನಾದುತ್ತಿದ್ದಾಗ ಫೋನ್ ಬಂತು. ಹೊಸ ನಂಬರು, ಆದರೆ ಮಾತು ನಮ್ಮ ಕಡೆಯದು.

‘ಮೇಡಮ್, ನಾ ವಾಕಡದಿಂದ ಮಾತಾಡಾಕತ್ತೇನ್ರಿ. ನಮ್ಮದು ಡೈವೋರ್ಸ್ ಆಗೇತ್ರಿ. ಊರಾಗ ಹಿರ್ಯಾರು ಕುಂತು ಎಲ್ಲಾ ಬರದು ಮುಗಿಸ್ಯಾರ. ನೋಟರಿ ಶಿಕ್ಕಾನೂ ಬಿದ್ದೈತಿ. ಕೋರ್ಟಿಂದ ಒಂದು ಸರ್ಟಿಫಿಕೇಟ್ ಕೊಡಿಸಿದ್ರ ಸಾಕ್ರಿ.’

ಕಾಗದವನ್ನು ವಾಟ್ಸ್‌ಆ್ಯಪ್ ಮಾಡಲು ಹೇಳಿದೆ. ಬಂತು. ಒಂದೇ ಹಾಳೆ, ಛಾಪಾ ಕಾಗದ. ಐದು ಸಾಲಿನ ಒಪ್ಪಂದ. ಗಂಡ ಹೆಂಡತಿಗೆ 12 ಲಕ್ಷ ರೂಪಾಯಿ ಕೊಡುವುದು, ಅದರಲ್ಲಿ 6 ಲಕ್ಷ ಕೊಟ್ಟಾಗಿದೆ. ಮಗ ತಾಯಿಯ ಹತ್ತಿರ ಇರುವುದು. ಪುಣೆಯ ಫ್ಲ್ಯಾಟು ಗಂಡನದು. ಬಂಗಾರ ಅವರವರದು ಅವರವರಿಗೆ. ಕೊನೆಯ ಸಾಲು: ‘ಇಂದಿನಿಂದ ನಮ್ಮಿಬ್ಬರಿಗೂ ಯಾವ ಸಂಬಂಧವೂ ಇರುವುದಿಲ್ಲ.’ ಕೆಳಗೆ ಎರಡು ಸಹಿ, ನಾಲ್ಕು ಸಾಕ್ಷಿ, ದುಂಡನೆಯ ಶಿಕ್ಕಾ.

ರಾಣೆಬೆನ್ನೂರಿನಿಂದ ಬಂದು ಪುಣೆಯಲ್ಲಿ ವಕಾಲತ್ತು ಮಾಡಲು ತೊಡಗಿ ನನಗೆ ಹದಿನೈದು ವರ್ಷ. ಇಂಥ ಕಾಗದವನ್ನು ಎಷ್ಟೋ ಸಲ ನೋಡಿದ್ದೇನೆ. ಆದರೂ ಆ ಮಾತು ಹೇಳುವಾಗ ಪ್ರತಿ ಸಲ ಗಂಟಲು ಕಟ್ಟುತ್ತದೆ. ‘ತಮ್ಮಾ, ನಿಮ್ಮ ಡೈವೋರ್ಸ್ ಆಗಿಲ್ಲ. ಕಾನೂನಿನ ಲೆಕ್ಕದಲ್ಲಿ ನೀವಿಬ್ಬರೂ ಇವತ್ತಿಗೂ ಗಂಡ ಹೆಂಡತಿ’ ಎಂದೆ.

ಆ ಕಡೆ ಬಹಳ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ ಹೇಳಿದ, ‘ಮನ್ಯಾಗ ಕನ್ಯಾ ನೋಡಾಕತ್ತಾರ್ರಿ.’

ಮರುದಿನ ಆ ಹೆಣ್ಣುಮಗಳೂ ಫೋನ್ ಮಾಡಿದಳು. ಕಂಪನಿಯವರು ಅವಳನ್ನು ಎರಡು ತಿಂಗಳು ಜರ್ಮನಿಗೆ ಕಳಿಸುವವರಿದ್ದರು. ಆರು ವರ್ಷದ ಮಗನನ್ನೂ ಕರೆದೊಯ್ಯೋಣವೆಂದು ಅವನ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಾಗ ‘ವಿಚ್ಛೇದಿತೆ’ ಎಂದು ತುಂಬಿದ್ದಳು. ಕೋರ್ಟಿನ ಡಿಕ್ರಿ ತನ್ನಿ ಎಂದರಂತೆ. ಆ ಐದು ಸಾಲಿನ ಕಾಗದ ತೋರಿಸಿದಳು. ಅದು ನಡೆಯಲಿಲ್ಲ.

ಇಬ್ಬರ ಅನುಮತಿ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಅವರ ಕಥೆ ಬರೆಯುತ್ತಿದ್ದೇನೆ. ಊರು ಬಿಟ್ಟು ದುಡಿಯುವ ನಮ್ಮಲ್ಲಿ ಅನೇಕರ ಮದುವೆ ಒಂದು ಊರಲ್ಲಿ, ಸಂಸಾರ ಇನ್ನೊಂದು ಊರಲ್ಲಿ, ಜಗಳದ ಪಂಚಾಯ್ತಿ ಮೂರನೆಯ ಊರಲ್ಲಿ ನಡೆಯುತ್ತದೆ. ಎಡವುವುದು ಅಲ್ಲಿಯೇ.

ಹಿರಿಯರ ಮಾತು, ಕೋರ್ಟಿನ ಮಾತು

ಹಿಂದೂ ವಿವಾಹ ಕಾಯ್ದೆ 1955ರ ಪ್ರಕಾರ ಮದುವೆಯನ್ನು ಕೊನೆಗಾಣಿಸುವ ಅಧಿಕಾರ ಕೋರ್ಟಿಗೆ ಮಾತ್ರ ಇದೆ. ನೋಟರಿಗೆ ಇಲ್ಲ, ಹಿರಿಯರಿಗೆ ಇಲ್ಲ, ಪೊಲೀಸ್ ಠಾಣೆಯಲ್ಲಿ ಬರೆಸಿಕೊಳ್ಳುವ ಮುಚ್ಚಳಿಕೆಗೂ ಇಲ್ಲ. ನೋಟರಿ ಶಿಕ್ಕಾ ಹೇಳುವುದು ಇಷ್ಟೆ: ಈ ಇಬ್ಬರು ನನ್ನೆದುರು ಸಹಿ ಹಾಕಿದರು.

‘ಹಂಗಾರ ನಮ್ಮ ಕಡೆ ಸೋಡಚೀಟಿ ಕೊಡೂ ಪದ್ಧತಿ ಇತ್ತಲ್ರಿ?’ ಎಂದು ಕೇಳುವವರಿದ್ದಾರೆ. ಇತ್ತು. ರೂಢಿಯಿಂದ ಬಂದ ವಿಚ್ಛೇದನವನ್ನು ಕಾಯ್ದೆಯ 29ನೇ ಕಲಂ ಉಳಿಸಿಕೊಂಡಿದೆ. ಆದರೆ ತಮ್ಮ ಸಮುದಾಯದಲ್ಲಿ ಅಂಥ ರೂಢಿ ಬಹುಕಾಲದಿಂದ ಅಖಂಡವಾಗಿ ನಡೆದು ಬಂದಿದೆ ಎಂಬುದನ್ನು ಅದನ್ನು ಹೇಳುವವರೇ ಸಾಕ್ಷಿ ಸಮೇತ ರುಜುವಾತು ಮಾಡಬೇಕು. ‘ನಮ್ಮಜ್ಜನ ಕಾಲದಾಗ ಮಾಡ್ತಿದ್ರು’ ಎಂದರೆ ಸಾಲದು.

ಆ ಹುಡುಗ ಛಾಪಾ ಕಾಗದ ನಂಬಿ ಎರಡನೇ ಮದುವೆಯಾಗಿದ್ದರೆ? ಅದು ಊರ್ಜಿತವಾಗುತ್ತಿರಲಿಲ್ಲ. ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಂ ಪ್ರಕಾರ ಏಳು ವರ್ಷದವರೆಗೆ ಶಿಕ್ಷೆಯಾಗಬಹುದಾದ ಅಪರಾಧವೂ ಆಗುತ್ತಿತ್ತು. ಏನೂ ಅರಿಯದ ಇನ್ನೊಬ್ಬ ಹೆಣ್ಣುಮಗಳು ನಡುನೀರಲ್ಲಿ ನಿಲ್ಲುತ್ತಿದ್ದಳು.

ಹಾಗೆಂದು ಆ ಕಾಗದವನ್ನು ಹರಿದು ಬಿಸಾಡಬೇಡಿ ಎಂದೆ. ಇಬ್ಬರೂ ಯಾವ ದಿನದಿಂದ ಬೇರೆ ಇದ್ದಾರೆ, ಎಷ್ಟು ಹಣ ಕೈ ಬದಲಾಗಿದೆ ಎನ್ನುವುದಕ್ಕೆ ಅದೇ ಸಾಕ್ಷಿ. ಮುಂದೆ ಅದು ನಿಜಕ್ಕೂ ಉಪಯೋಗಕ್ಕೆ ಬಂತು.

ಯಾವ ಊರಿನ ಕೋರ್ಟು?

ಮೊದಲು ಎದ್ದ ಪ್ರಶ್ನೆ ಇದೇ. ಮದುವೆ ಆದದ್ದು ಹುಬ್ಬಳ್ಳಿಯಲ್ಲಿ. ಸಂಸಾರ ಮಾಡಿದ್ದು ಪುಣೆಯಲ್ಲಿ. ಅವಳ ತವರು ಗದಗ ಜಿಲ್ಲೆ. ಊರಲ್ಲೇ ಹಾಕಿದರೆ ವಕೀಲರ ಫೀಸು ಕಡಿಮೆ, ಮಾತು ತಿಳಿಯುತ್ತದೆ ಎಂದು ಅವನ ಅಣ್ಣನ ವಾದ.

ಕಾಯ್ದೆಯ 19ನೇ ಕಲಂ ಹಲವು ಬಾಗಿಲು ತೆರೆದಿಟ್ಟಿದೆ. ಮದುವೆ ನಡೆದ ಊರು, ಗಂಡ ಹೆಂಡತಿ ಕೊನೆಯದಾಗಿ ಒಟ್ಟಿಗೆ ಇದ್ದ ಊರು, ಎದುರುದಾರರು ಈಗ ಇರುವ ಊರು. ಅರ್ಜಿ ಹಾಕುವವಳು ಹೆಂಡತಿಯಾದರೆ ಅವಳು ಈಗ ವಾಸವಿರುವ ಊರಿನಲ್ಲೂ ಹಾಕಬಹುದು. ಈ ಅನುಕೂಲ ಸೇರಿದ್ದು 2003ರ ತಿದ್ದುಪಡಿಯಲ್ಲಿ.

ಜಗಳದ ಕೇಸಾದರೆ ಈ ಆಯ್ಕೆಯೇ ಅಸ್ತ್ರವಾಗುತ್ತದೆ. ಒಬ್ಬರು ದೆಹಲಿಯಲ್ಲಿ ಹಾಕಿದರೆ ಇನ್ನೊಬ್ಬರು ಧಾರವಾಡದಲ್ಲಿ ಹಾಕುತ್ತಾರೆ. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಕೇಸು ವರ್ಗಾಯಿಸಬೇಕೆಂದರೆ ಸುಪ್ರೀಂ ಕೋರ್ಟಿನವರೆಗೂ ಹೋಗಬೇಕು. ಒಪ್ಪಿ ಬೇರೆಯಾಗುವವರಿಗೆ ಈ ಅಲೆದಾಟ ಇಲ್ಲ. ಇಬ್ಬರಿಗೂ ರಜೆ ಹಾಕದೆ ಅರ್ಧ ದಿನದಲ್ಲಿ ಹೋಗಿಬರುವ ಊರು ಯಾವುದೋ ಅದನ್ನೇ ಆರಿಸಿ. ಇವರಿಬ್ಬರೂ ಹಿಂಜವಡಿಯ ಕಂಪನಿಗಳಲ್ಲಿ ದುಡಿಯುವವರು. ಶಿವಾಜಿನಗರದ ಕೌಟುಂಬಿಕ ನ್ಯಾಯಾಲಯವೇ ಸರಿ ಎಂದು ತೀರ್ಮಾನವಾಯಿತು.

ಅಷ್ಟರಲ್ಲಿ ಅವನು ಕೇಳಿದ, ‘ಇಬ್ರಿಗೂ ನೀವ ವಕೀಲರಾಗ್ರಿ, ಖರ್ಚು ಉಳಿತೈತಿ.’ ಬಹಳ ಮಂದಿ ಹೀಗೆ ಕೇಳುತ್ತಾರೆ, ಹೀಗೆ ನಡೆಯುವುದೂ ಉಂಟು. ನಾನು ಒಪ್ಪಲಿಲ್ಲ. ಅವನ ಹಿತ ನೋಡುವವಳು ಅವಳ ಹಿತವನ್ನೂ ಅಷ್ಟೇ ಕಣ್ಣಿಟ್ಟು ನೋಡಲಾರಳು. ಅವಳಿಗೆ ಬೇರೆ ವಕೀಲರು ಬೇಕು ಎಂದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ದೇಶದ ಯಾವ ಊರಿನಿಂದಲೂ 15100ಕ್ಕೆ ಕರೆ ಮಾಡಿ ಕೇಳಬಹುದು. ಅವಳು ತನ್ನ ಗೆಳತಿ ಹೇಳಿದ ಒಬ್ಬ ಮರಾಠಿ ವಕೀಲೆಯನ್ನು ಹಿಡಿದಳು. ನಿಧಾನದವರು, ಆದರೆ ಒಂದು ಸಾಲನ್ನೂ ಓದದೆ ಬಿಡುವವರಲ್ಲ.

ಆರು ತಿಂಗಳ ಲೆಕ್ಕ

ಪರಸ್ಪರ ಒಪ್ಪಿಗೆಯ ವಿಚ್ಛೇದನ 13ಬಿ ಕಲಂನಲ್ಲಿದೆ. 1976ರಲ್ಲಿ ಸೇರಿದ್ದು. ಕನಿಷ್ಠ ಒಂದು ವರ್ಷ ಬೇರೆ ಇದ್ದಿರಬೇಕು, ಕೂಡಿ ಬಾಳಲು ಆಗುತ್ತಿಲ್ಲ ಎನ್ನಬೇಕು, ಮದುವೆ ಕೊನೆಯಾಗಲಿ ಎಂದು ಇಬ್ಬರೂ ಒಪ್ಪಿರಬೇಕು. ‘ಬೇರೆ’ ಎಂದರೆ ಬೇರೆ ಮನೆಯೇ ಆಗಬೇಕೆಂದಿಲ್ಲ. ಒಂದೇ ಸೂರಿನಡಿ ಇದ್ದೂ ಗಂಡ ಹೆಂಡತಿಯಂತೆ ಬಾಳದಿದ್ದರೆ ಅದೂ ಬೇರೆಯೇ ಎಂದು ಸುಪ್ರೀಂ ಕೋರ್ಟ್ 1991ರ ಸುರೇಷ್ಟಾ ದೇವಿ ಪ್ರಕರಣದಲ್ಲಿ ಹೇಳಿದೆ. ಮುಂಬೈ, ಪುಣೆಯ ಬಾಡಿಗೆ ಗೊತ್ತಿದ್ದವರಿಗೆ ಇದರ ಅರ್ಥ ಬೇಗ ಆಗುತ್ತದೆ.

ಅರ್ಜಿ ಹಾಕಿದ ಆರು ತಿಂಗಳ ನಂತರ, ಹದಿನೆಂಟು ತಿಂಗಳ ಒಳಗೆ ಇಬ್ಬರೂ ಮತ್ತೆ ಕೋರ್ಟಿನ ಮುಂದೆ ನಿಂತು ‘ಹೌದು, ನಮ್ಮ ಮಾತು ಅದೇ’ ಎನ್ನಬೇಕು. ಮನಸ್ಸು ಬದಲಾಯಿಸಲು ಕೊಟ್ಟ ಸಮಯ ಅದು. 2017ರ ಅಮರದೀಪ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಆರು ತಿಂಗಳನ್ನು ಕೋರ್ಟು ಮನ್ನಾ ಮಾಡಬಹುದು ಎಂದಿತು. ಅದಕ್ಕೆ ಷರತ್ತುಗಳಿವೆ: ಅರ್ಜಿ ಹಾಕುವ ಹೊತ್ತಿಗೇ ಒಂದೂವರೆ ವರ್ಷ ಬೇರೆ ಇದ್ದಿರಬೇಕು, ರಾಜಿ ಸಂಧಾನ ಫಲಿಸಿರಬಾರದು, ಜೀವನಾಂಶ, ಮಗು ಮತ್ತಿತರ ವಿಷಯಗಳು ನಿಜವಾಗಿ ಇತ್ಯರ್ಥವಾಗಿರಬೇಕು, ಕಾಯುವುದರಿಂದ ಸಂಕಟ ಹೆಚ್ಚುವುದಷ್ಟೇ ಎಂದು ಕೋರ್ಟಿಗೆ ಕಾಣಬೇಕು. ದೂರದಲ್ಲಿರುವವರು ವಿಡಿಯೊ ಮೂಲಕ ಹಾಜರಾಗಲು ಕೋರ್ಟು ಅನುಮತಿ ಕೊಡಬಹುದು ಎಂದೂ ಆ ತೀರ್ಪಿನಲ್ಲಿದೆ. ಹೊರನಾಡಿನಲ್ಲಿರುವ ನಮಗೆ ಇದು ದೊಡ್ಡ ಅನುಕೂಲ.

ಇವರು ಬೇರೆಯಾಗಿ ಎರಡು ವರ್ಷ ದಾಟಿತ್ತು. ಅದಕ್ಕೆ ಸಾಕ್ಷಿಯಾದದ್ದು ಅದೇ ಛಾಪಾ ಕಾಗದದ ತಾರೀಖು.

ಇಷ್ಟಾದ ಮೇಲೆ ಬರುತ್ತದೆ ನಿಜವಾದ ಕೆಲಸ, ಒಪ್ಪಂದ ಬರೆಯುವುದು. ಮುಂಬೈ ಪುಣೆಯಲ್ಲಿ ಇದನ್ನು ‘ಕನ್ಸೆಂಟ್ ಟರ್ಮ್ಸ್’ ಎನ್ನುತ್ತಾರೆ. ದೆಹಲಿಯಲ್ಲಿ ‘ಎಂಒಯು’ ಎನ್ನುವುದು ರೂಢಿ, ಅಲ್ಲಿ ‘ಫಸ್ಟ್ ಮೋಷನ್’, ‘ಸೆಕೆಂಡ್ ಮೋಷನ್’ ಎಂದು ಎರಡು ಹಂತ ಮಾಡುತ್ತಾರೆ. ನಮ್ಮಲ್ಲಿ ರಾಜಿ ಒಪ್ಪಂದ. ಹೆಸರು ಯಾವುದಾದರೂ ತಿರುಳು ಒಂದೇ: ಡಿಕ್ರಿಯಾದ ಮರುದಿನದಿಂದ ಯಾರು ಏನು ಮಾಡಬೇಕು.

ಐದು ಸಾಲು ಒಂಬತ್ತು ಪುಟವಾಯಿತು

ನನ್ನ ಕಚೇರಿಯಲ್ಲಿ ಮೂರು ಸಂಜೆ ಕೂತೆವು. ಇಬ್ಬರು ವಕೀಲರು, ಅವರಿಬ್ಬರು, ಒಂದು ಫ್ಲಾಸ್ಕ್ ಚಹಾ.

ಮೊದಲ ಸಂಜೆ ಹಣ. ಇಬ್ಬರೂ ತಮ್ಮ ಸಂಬಳ, ಸಾಲ, ಉಳಿತಾಯ ಬರೆದು ಕೊಡಿ ಎಂದೆವು. ಜೀವನಾಂಶದ ಕೇಸುಗಳಲ್ಲಿ ಇಬ್ಬರೂ ಆಸ್ತಿ ಮತ್ತು ಹೊಣೆಗಾರಿಕೆಗಳ ಪ್ರಮಾಣಪತ್ರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2020ರ ರಜನೀಶ್–ನೇಹಾ ಪ್ರಕರಣದಲ್ಲಿ ಹೇಳಿದೆ. ಒಪ್ಪಿ ಬೇರೆಯಾಗುವವರಿಗೂ ಅದು ಒಳ್ಳೆಯ ಅಭ್ಯಾಸ. ಮುಚ್ಚಿಟ್ಟ ಲೆಕ್ಕದ ಮೇಲೆ ಮಾಡಿದ ಒಪ್ಪಂದ ನಾಳೆ ಮತ್ತೆ ಕೋರ್ಟು ಹತ್ತುತ್ತದೆ.

ಉಳಿದ 6 ಲಕ್ಷವನ್ನು ‘ಕೊಡುವುದು’ ಎಂದಷ್ಟೇ ಊರಿನ ಕಾಗದದಲ್ಲಿತ್ತು. ಯಾವಾಗ? ಹೇಗೆ? ಹೊಸ ಒಪ್ಪಂದದಲ್ಲಿ ಹೀಗೆ ಬರೆದೆವು: ಅರ್ಜಿ ಹಾಕಿದ ದಿನ 2 ಲಕ್ಷ, ಕೊನೆಯ ಹೇಳಿಕೆಯ ದಿನ ನ್ಯಾಯಾಧೀಶರ ಮುಂದೆ 4 ಲಕ್ಷದ ಡಿಮ್ಯಾಂಡ್ ಡ್ರಾಫ್ಟ್. ಮೊದಲು ಕೊಟ್ಟ 6 ಲಕ್ಷದ ಬ್ಯಾಂಕ್ ವಿವರವನ್ನೂ ನಮೂದಿಸಿದೆವು. ಹಣವನ್ನು ಹಂತ ಹಂತವಾಗಿ ಇಡುವುದಕ್ಕೆ ಕಾರಣವಿದೆ. ಡಿಕ್ರಿಯಾಗುವ ಕ್ಷಣದವರೆಗೂ ಒಪ್ಪಿಗೆ ಇರಬೇಕು, ಅದಕ್ಕೂ ಮೊದಲು ಯಾರು ಬೇಕಾದರೂ ಹಿಂದೆಗೆಯಬಹುದು. 1991ರ ತೀರ್ಪೂ, 2009ರ ಸ್ಮೃತಿ ಪಹಾರಿಯಾ ತೀರ್ಪೂ ಹೇಳುವುದು ಇದನ್ನೇ. ಆದ್ದರಿಂದ ಹಿಂದೆಗೆದರೆ ಪಡೆದ ಹಣ ಏನಾಗಬೇಕು ಎಂಬುದೂ ಒಪ್ಪಂದದಲ್ಲಿರಲಿ. ಯಾರನ್ನೂ ಬಲವಂತದಿಂದ ಒಪ್ಪಿಸಲಾಗದು, ನಿಜ. ಆದರೆ ಕೋರ್ಟಿಗೆ ಬರೆದುಕೊಟ್ಟ ಮಾತು ತಪ್ಪಿದರೆ ನ್ಯಾಯಾಂಗ ನಿಂದನೆಯ ಪ್ರಶ್ನೆ ಏಳುತ್ತದೆ.

ಎರಡನೇ ಸಂಜೆ ಫ್ಲ್ಯಾಟು. ‘ಫ್ಲ್ಯಾಟು ಗಂಡನದು’ ಎಂದು ಹಿರಿಯರು ಒಂದೇ ಮಾತಿನಲ್ಲಿ ಮುಗಿಸಿದ್ದರು. ಆದರೆ ಗೃಹಸಾಲ ಇಬ್ಬರ ಹೆಸರಲ್ಲಿತ್ತು. ಗಂಡ ಹೆಂಡತಿ ತಮ್ಮಲ್ಲಿ ಏನೇ ಬರೆದುಕೊಂಡರೂ ಬ್ಯಾಂಕಿಗೆ ಅದು ಅನ್ವಯಿಸುವುದಿಲ್ಲ. ಅವನು ನಾಳೆ ಕಂತು ಕಟ್ಟದಿದ್ದರೆ ಬ್ಯಾಂಕಿನವರು ಅವಳ ಮನೆಬಾಗಿಲಿಗೂ ಬರುತ್ತಾರೆ, ಅವಳ ಸಿಬಿಲ್ ಅಂಕವೂ ಬೀಳುತ್ತದೆ. ಇದಕ್ಕೆ ದಾರಿ ಎರಡೇ. ಬ್ಯಾಂಕು ಒಪ್ಪಿ ಒಬ್ಬರ ಹೆಸರು ತೆಗೆಯಬೇಕು ಅಥವಾ ಮನೆ ಮಾರಿ ಸಾಲ ತೀರಿಸಬೇಕು. ಅವನೊಬ್ಬನ ಸಂಬಳದ ಮೇಲೆ ಸಾಲ ಮುಂದುವರಿಸಲು ಬ್ಯಾಂಕು ಒಪ್ಪಿತು. ಆ ಪತ್ರ ಕೈಗೆ ಬಂದ ಮೇಲೆಯೇ ಅವಳು ಫ್ಲ್ಯಾಟಿನ ಹಕ್ಕು ಬಿಡುವ ಕಲಂಗೆ ಸಹಿ ಹಾಕಿದಳು. ಸೊಸೈಟಿಯ ಶೇರ್ ಸರ್ಟಿಫಿಕೇಟಿನಲ್ಲಿ ಹೆಸರು ಬದಲು, ನೋಂದಣಿ, ಮುದ್ರಾಂಕ ಶುಲ್ಕದ ಖರ್ಚು ಯಾರದು ಎಂಬುದನ್ನೂ ಬರೆದೆವು. ಇವೆಲ್ಲ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಚೆನ್ನೈ, ಹೈದರಾಬಾದಿನವರು ಅಲ್ಲಿನ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

‘ಬಂಗಾರ ಅವರವರದು’ ಎನ್ನುವುದೂ ಸಾಲದು. ತವರಿನವರು, ಬಂಧುಗಳು ಹೆಣ್ಣಿಗೆ ಕೊಟ್ಟದ್ದು ಸ್ತ್ರೀಧನ, ಅದರ ಪೂರ್ತಿ ಒಡತಿ ಅವಳೇ. ಯಾವ ಒಡವೆ, ಎಷ್ಟು ತೊಲ, ಈಗ ಯಾರ ಲಾಕರಿನಲ್ಲಿದೆ ಎಂದು ಪಟ್ಟಿ ಮಾಡಿದೆವು. ಅವಳ ಅಜ್ಜಿಯ ಬೋರಮಾಳ ಸರ ಅವನ ತಾಯಿಯ ಹತ್ತಿರ ಇತ್ತು. ಅದು ಬಂದ ದಿನ ಪಟ್ಟಿಯ ಪಕ್ಕದಲ್ಲಿ ಇಬ್ಬರೂ ಸಹಿ ಮಾಡಿದರು.

ಕಂಪನಿಯ ಆರೋಗ್ಯ ವಿಮೆಯಲ್ಲಿ ಮಗನ ಹೆಸರು ಯಾರ ಕಡೆ ಇರುತ್ತದೆ? ಪಿಎಫ್, ಜೀವವಿಮೆಯ ನಾಮಿನಿ ಯಾರು? ವಿಚ್ಛೇದನವಾದರೂ ನಾಮಿನಿ ಹೆಸರು ತಾನಾಗಿ ಬದಲಾಗುವುದಿಲ್ಲ. ಇದನ್ನು ಮರೆತವರೇ ಹೆಚ್ಚು.

ಇವರ ನಡುವೆ ಪೊಲೀಸ್ ಕೇಸು ಇರಲಿಲ್ಲ. ಇದ್ದವರು ಗಮನಿಸಬೇಕು: ಕ್ರೌರ್ಯದ ದೂರು, ಅಂದರೆ ಹಳೆಯ 498ಎ, ಈಗಿನ ನ್ಯಾಯ ಸಂಹಿತೆಯ 85ನೇ ಕಲಂ, ನೀವಿಬ್ಬರು ರಾಜಿಯಾದ ಮಾತ್ರಕ್ಕೆ ಮುಗಿಯುವುದಿಲ್ಲ. ಸಾಮಾನ್ಯವಾಗಿ ಹೈಕೋರ್ಟಿಗೆ ಹೋಗಿ ರದ್ದು ಮಾಡಿಸಿಕೊಳ್ಳಬೇಕು. ಯಾರು, ಯಾವಾಗ, ಯಾವ ಊರಲ್ಲಿ ಬಂದು ಸಹಿ ಮಾಡಬೇಕು ಎಂಬುದು ಒಪ್ಪಂದದಲ್ಲೇ ಇರಬೇಕು.

ನಾನು ಮಾಡಿದ ತಪ್ಪು

ಮೂರನೇ ಸಂಜೆ ಮಗು. ಅದಕ್ಕೂ ಮೊದಲು ನನ್ನದೊಂದು ತಪ್ಪು ಹೇಳಬೇಕು. ವಕಾಲತ್ತಿನ ಮೊದಲ ವರ್ಷಗಳಲ್ಲಿ ಬೇರೊಂದು ದಂಪತಿಯ ಒಪ್ಪಂದದಲ್ಲಿ ‘ತಂದೆಯು ಮಗುವನ್ನು ಸೂಕ್ತ ರೀತಿಯಲ್ಲಿ ಭೇಟಿ ಮಾಡಬಹುದು’ ಎಂದು ಬರೆದೆ. ಓದಲು ಎಷ್ಟು ಸಭ್ಯವಾಗಿದೆ! ಸೂಕ್ತ ಎಂದರೇನು ಎಂದು ಯಾರೂ ಕೇಳಲಿಲ್ಲ. ಆಮೇಲೆ ಎರಡು ವರ್ಷ ಅವರು ಜಗಳಾಡಿದ್ದು ಅದೊಂದೇ ಶಬ್ದದ ಮೇಲೆ. ಅಪ್ಪನಿಗೆ ಭಾನುವಾರ ಸೂಕ್ತ, ಅಮ್ಮನಿಗೆ ಭಾನುವಾರ ಮಗುವಿನ ಡ್ಯಾನ್ಸ್ ಕ್ಲಾಸು. ಕೊನೆಗೆ ಆ ಹುಡುಗಿ ಯಾರ ಜೊತೆಗೂ ಹೋಗಲು ಹಟ ಹಿಡಿಯತೊಡಗಿದಳು. ಒಳ್ಳೆಯ ಮಾತು ಬರೆದೆನೆಂದು ನಾನು ಅಂದುಕೊಂಡಿದ್ದೆ. ಅದಕ್ಕೆ ಅರ್ಥ ಹಚ್ಚುವ ಕೆಲಸವನ್ನು ಅವರ ಸಿಟ್ಟಿಗೆ ಬಿಟ್ಟುಕೊಟ್ಟಿದ್ದೆ.

ಆದ್ದರಿಂದ ಈ ಸಲ ಎಲ್ಲವನ್ನೂ ಬಿಡಿಸಿ ಬರೆದೆವು. ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆ 10ರಿಂದ ಭಾನುವಾರ ಸಂಜೆ 6ರವರೆಗೆ ಅಪ್ಪನ ಮನೆ. ಪ್ರತಿದಿನ ರಾತ್ರಿ ಊಟವಾದ ಮೇಲೆ ಒಂದು ವಿಡಿಯೊ ಕಾಲ್. ದೀಪಾವಳಿ ಮತ್ತು ಬೇಸಿಗೆ ರಜೆ ಅರ್ಧ ಅರ್ಧ, ಒಂದು ವರ್ಷ ಹಬ್ಬದ ದಿನ ಇವಳ ಕಡೆ, ಮುಂದಿನ ವರ್ಷ ಅವನ ಕಡೆ. ಎರಡೂ ಊರಿನ ಅಜ್ಜ ಅಜ್ಜಿಯರನ್ನು ನೋಡಲು ಹೋಗುವುದು. ರೈಲಿನ ಟಿಕೆಟ್ ಕರೆದೊಯ್ಯುವವರದು. ಶಾಲೆ ಬದಲಿಸುವ ಮೊದಲು ಇಬ್ಬರೂ ಮಾತಾಡುವುದು. ಪಾಸ್‌ಪೋರ್ಟಿಗೆ ಇಬ್ಬರೂ ಸಹಿ ಮಾಡುವುದು, ಪರದೇಶಕ್ಕೆ ಹೋಗುವಾಗ ಹೋಗಿಬರುವ ಟಿಕೆಟಿನ ಪ್ರತಿ ಮೊದಲೇ ಕಳಿಸುವುದು. ಇಬ್ಬರಲ್ಲಿ ಯಾರಿಗಾದರೂ ಬೇರೆ ಊರಿಗೆ ವರ್ಗವಾದರೆ 60 ದಿನ ಮೊದಲು ತಿಳಿಸಿ, ಭೇಟಿಯ ದಿನಗಳನ್ನು ಹೊಸದಾಗಿ ಗೊತ್ತುಮಾಡುವುದು. ನೌಕರಿಗಾಗಿ ಊರೂರು ತಿರುಗುವ ನಮ್ಮಂಥವರಿಗೆ ಈ ಕೊನೆಯ ಕಲಂ ಬಹಳ ಮುಖ್ಯ.

ಮಗುವಿನ ಖರ್ಚಿನ ಮಾತು ಬಂದಾಗ ಅವಳು ತಲೆ ಎತ್ತದೆ ಹೇಳಿದಳು, ‘ನನಗ ಏನೂ ಬ್ಯಾಡ್ರಿ. ನಾ ದುಡೀತೇನಿ. ಬಿಡುಗಡೆ ಆದ್ರ ಸಾಕಾಗೇತಿ.’

ಅವಳ ವಕೀಲೆ ಪೆನ್ನು ಕೆಳಗಿಟ್ಟರು. ಮರಾಠಿ ಹಿಂದಿ ಬೆರೆಸಿ ಹೇಳಿದ ಮಾತಿನ ಸಾರ ಇಷ್ಟು: ನಿನಗೆ ಬೇಡದ್ದನ್ನು ನೀನು ಬಿಡಬಹುದು, ಮಗನದನ್ನು ಬಿಡಲು ನಿನಗೂ ಅಧಿಕಾರವಿಲ್ಲ. ನಿಜ. ಮಗುವಿನ ಜೀವನಾಂಶ ಮಗುವಿನ ಹಕ್ಕು. ತಾಯಿ ಬೇಡವೆಂದು ಸಹಿ ಹಾಕಿದರೂ ಅದು ಅಳಿಯುವುದಿಲ್ಲ. ಮಗುವಿನ ಪಾಲನೆಯ ಕಲಂಗಳು ಶಿಲಾಶಾಸನವೂ ಅಲ್ಲ. ಕಾಯ್ದೆಯ 26ನೇ ಕಲಂ ಪ್ರಕಾರ ಮಗುವಿನ ಹಿತ ನೋಡಿ ಕೋರ್ಟು ಮುಂದೆ ಅವನ್ನು ಬದಲಿಸಬಹುದು.

ಮಾತು ನಿಂತಿತು. ಅವನೇ ಕೇಳಿದ, ‘ಸಾಲಿ ಫೀ ಎಷ್ಟೈತಿ ಈಗ?’ ಎರಡು ವರ್ಷದಲ್ಲಿ ಅವನು ಕೇಳಿದ ಮೊದಲ ಪ್ರಶ್ನೆಯಂತೆ ಅದು. ಶಾಲೆಯ ಫೀಸು ಪೂರ್ತಿ ಅವನದು, ನೇರವಾಗಿ ಶಾಲೆಗೆ. ಉಳಿದ ಖರ್ಚಿಗೆ ತಿಂಗಳ 5ನೇ ತಾರೀಖಿನೊಳಗೆ ಅವಳ ಖಾತೆಗೆ ಇಷ್ಟು, ಪ್ರತಿ ಏಪ್ರಿಲ್‌ನಲ್ಲಿ ಇಷ್ಟು ಏರಿಕೆ ಎಂದು ಬರೆದೆವು.

ಸುಸ್ತಾದಾಗ ಸಹಿ ಹಾಕಬೇಡಿ. ಬೇರೆಯಾಗುವವರಿಗೆ ನಾನು ಹೇಳುವ ಮೊದಲ ಮಾತು ಅದೇ. ‘ಬಿಟ್ಟರೆ ಸಾಕು’ ಎನ್ನುವ ಮನಸ್ಸು ಬರೆದ ಒಪ್ಪಂದ ಒಂದು ವರ್ಷವೂ ಬಾಳುವುದಿಲ್ಲ.

ಮಾಸ್ತರರ ಕೆಂಪು ಪೆನ್ನು

ಒಪ್ಪಂದ ಇಂಗ್ಲಿಷಿನಲ್ಲಿತ್ತು. ಕೋರ್ಟಿನಲ್ಲಿ ನಡೆಯುವುದು ಮರಾಠಿ ಮತ್ತು ಇಂಗ್ಲಿಷ್. ಆದರೆ ಮಗ ರಜೆ ಕಳೆಯುವುದು ಗದಗ ಜಿಲ್ಲೆಯ ಹಳ್ಳಿಯಲ್ಲಿ, ಹುಬ್ಬಳ್ಳಿ ಹತ್ತಿರದ ಊರಲ್ಲಿ. ಅಲ್ಲಿನ ಹಿರಿಯರಿಗೆ ಇದರಲ್ಲಿ ಏನಿದೆ ಎಂದು ತಿಳಿಯದಿದ್ದರೆ ಮೊದಲ ದೀಪಾವಳಿಗೇ ರಾಮಾಯಣ ಶುರುವಾಗುತ್ತದೆ. ಅದಕ್ಕೆ ಇಡೀ ಒಪ್ಪಂದವನ್ನು ಕನ್ನಡದಲ್ಲಿ ಬರೆದು ಎರಡೂ ಮನೆಗೆ ಕಳಿಸಿದೆ. ಕೋರ್ಟಿಗಲ್ಲ, ಮನೆಯವರಿಗೆ.

ಅವಳ ತಂದೆ ನಿವೃತ್ತ ಪ್ರಾಥಮಿಕ ಶಾಲೆ ಮಾಸ್ತರರು. ಹತ್ತು ದಿನ ಬಿಟ್ಟು ಅಂಚೆಯಲ್ಲಿ ಪ್ರತಿ ವಾಪಸ್ ಬಂತು. ಕೆಂಪು ಶಾಯಿಯಲ್ಲಿ ಕಾಗುಣಿತ ತಿದ್ದಿದ್ದರು! ಒಂದು ಕಡೆ ನಾನು ‘ರಜೆಯ ಮೊದಲ ದಿನ ತಾಯಿಯು ಮಗುವನ್ನು ತಂದೆಗೆ ಹಸ್ತಾಂತರಿಸತಕ್ಕದ್ದು’ ಎಂದು ಬರೆದಿದ್ದೆ. ಅದನ್ನು ಪೂರ್ತಿ ಹೊಡೆದು ಹಾಕಿ, ಮೇಲೆ ದುಂಡು ಅಕ್ಷರದಲ್ಲಿ ಬರೆದಿದ್ದರು: ‘ತಾಯಿಯು ಮಗನನ್ನು ಕರೆತಂದು ತಂದೆಯ ಬಳಿ ಬಿಡುವುದು.’

ಫೋನ್ ಮಾಡಿದೆ. ‘ಹೊಲಾ ಹಸ್ತಾಂತರ ಮಾಡತಾರ್ರಿ ವಕೀಲರ, ಹುಡುಗನ್ನ ಅಲ್ಲ’ ಎಂದರು.

ಹದಿನೈದು ವರ್ಷದಿಂದ ನಾನು ಹಸ್ತಾಂತರ ಎಂದೇ ಬರೆಯುತ್ತಿದ್ದೆ. ಅಂದಿನಿಂದ ಬಿಟ್ಟಿದ್ದೇನೆ.

ನೀವು ದೆಹಲಿಯಲ್ಲಿರಿ, ಚೆನ್ನೈಯಲ್ಲಿರಿ, ಅಲ್ಲಿನ ವಕೀಲರು ಕೊಡುವ ಕರಡನ್ನು ಹೀಗೆ ನಿಮ್ಮ ಮಾತಿನಲ್ಲಿ ಒಮ್ಮೆ ಬರೆಸಿಕೊಂಡು ಓದಿ. ಗೊತ್ತಿಲ್ಲದ ಭಾಷೆಯ ಕಾಗದಕ್ಕೆ, ಅದು ಎಷ್ಟೇ ಚಿಕ್ಕದಿರಲಿ, ಸಹಿ ಹಾಕಬೇಡಿ.

ಎಲ್ಲರಿಗೂ ಒಂದೇ ಕಾಯ್ದೆ ಅನ್ವಯಿಸುವುದಿಲ್ಲ ಎಂಬುದೂ ನೆನಪಿರಲಿ. ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ 28ನೇ ಕಲಂ ಇದೆ, ಅಲ್ಲಿಯೂ ಒಂದು ವರ್ಷ ಬೇರೆ ಇದ್ದಿರಬೇಕು. ಕ್ರೈಸ್ತರಿಗೆ 2001ರಲ್ಲಿ ಸೇರಿದ 10ಎ ಕಲಂ ಎರಡು ವರ್ಷ ಎನ್ನುತ್ತದೆ, ಕೆಲವು ಹೈಕೋರ್ಟುಗಳು ಅದನ್ನು ಒಂದು ವರ್ಷವೆಂದು ಓದಿವೆ. ಮುಸ್ಲಿಮರಲ್ಲಿ ಇಬ್ಬರೂ ಒಪ್ಪಿ ಬೇರೆಯಾಗುವ ‘ಮುಬಾರತ್’ ಇದೆ, ಅದನ್ನು ಬರಹದಲ್ಲಿ ಇಟ್ಟು ಕೌಟುಂಬಿಕ ನ್ಯಾಯಾಲಯದಿಂದ ಘೋಷಣೆ ಪಡೆಯಬಹುದು. ಇನ್ನು ಒಬ್ಬರು ಒಪ್ಪದಿದ್ದರೂ ಮದುವೆ ಸತ್ತೇ ಹೋಗಿದೆ ಎಂದು ಕಂಡಾಗ ಸುಪ್ರೀಂ ಕೋರ್ಟ್ ತನ್ನ ವಿಶೇಷ ಅಧಿಕಾರ ಬಳಸಿ ವಿಚ್ಛೇದನ ಕೊಡಬಹುದು ಎಂದು ಸಂವಿಧಾನ ಪೀಠ 2023ರ ಮೇ 1ರಂದು ಹೇಳಿದೆ. ಅದು ಹಕ್ಕೆಂದು ಕೇಳುವ ದಾರಿಯಲ್ಲ, ಆ ಕೋರ್ಟಿನ ವಿವೇಚನೆಗೆ ಬಿಟ್ಟದ್ದು.

ಬರೆದ ಹಾಗೆ

ಅರ್ಜಿ ಹಾಕಿದೆವು. ಸಮಾಲೋಚಕರು ಇಬ್ಬರನ್ನೂ ಬೇರೆ ಬೇರೆ ಕರೆದು, ಆಮೇಲೆ ಕೂಡಿಸಿ ಮಾತಾಡಿಸಿದರು. ಆರು ತಿಂಗಳ ಮನ್ನಾಕ್ಕೆ ಅರ್ಜಿ ಕೊಟ್ಟೆವು, ಕೋರ್ಟು ಒಪ್ಪಿತು. ಕೊನೆಯ ದಿನ ನ್ಯಾಯಾಧೀಶರು ಒಪ್ಪಂದದ ಪ್ರತಿ ಪುಟದ ಸಹಿ ತೋರಿಸಿ, ಓದಿದ್ದೀರಾ, ತಿಳಿದಿದೆಯಾ, ಯಾರಾದರೂ ಒತ್ತಾಯ ಮಾಡಿದ್ದಾರಾ ಎಂದು ಕೇಳಿದರು. ಇಬ್ಬರೂ ಇಲ್ಲವೆಂದರು. ಡ್ರಾಫ್ಟು ಕೈ ಬದಲಾಯಿತು. ಹದಿನೈದು ನಿಮಿಷದಲ್ಲಿ ಎಂಟು ವರ್ಷದ ಮದುವೆ ಮುಗಿಯಿತು.

ಹೊರಗೆ ಬಂದು ಅವಳು ಬೆಂಚಿನ ಮೇಲೆ ಕೂತಳು. ಅವನು ಎರಡು ಕಪ್ ಚಹಾ ತಂದು ಒಂದನ್ನು ಅವಳ ಪಕ್ಕದಲ್ಲಿ ಇಟ್ಟು, ಸ್ವಲ್ಪ ದೂರ ಹೋಗಿ ನಿಂತ. ಯಾರೂ ಗೆದ್ದಂತೆ ಕಾಣಲಿಲ್ಲ. ಇಂಥ ದಿನ ಯಾರೂ ಗೆಲ್ಲುವುದಿಲ್ಲ. ಆದರೆ ನಾಳೆ ಏನು ಎಂಬುದು ಇಬ್ಬರಿಗೂ ಗೊತ್ತಿತ್ತು.

ಆ ವರ್ಷದ ದೀಪಾವಳಿ ರಜೆಯಲ್ಲಿ ಅವಳು ಜರ್ಮನಿಯಲ್ಲಿದ್ದಳು. ಶಾಲೆ ತಪ್ಪುತ್ತದೆಂದು ಮಗನನ್ನು ಇಲ್ಲಿಯೇ ಬಿಟ್ಟು ಹೋಗಿದ್ದಳು. ರಜೆಯ ಮೊದಲ ಅರ್ಧ ಅಪ್ಪನ ಜೊತೆ, ಉಳಿದರ್ಧ ತಾಯಿಯ ತವರಲ್ಲಿ. ಕರೆದುಕೊಂಡು ಹೋಗಿ ಬಿಡಬೇಕಾದವನು ಅವನೇ. ಎರಡು ಮನೆಗಳ ನಡುವೆ ಮಾತು ನಿಂತು ಮೂರು ವರ್ಷವಾಗಿತ್ತು. ಅವನು ಹೋಗುತ್ತಾನೋ ಇಲ್ಲವೋ ಎಂದು ನನಗೂ ಅಳುಕಿತ್ತು.

ಗುರುವಾರ ಸಂಜೆ ಮಾಸ್ತರರ ಫೋನ್ ಬಂತು.

‘ವಕೀಲರ, ಈಗ ಬಂದಿದ್ರು. ಹುಡುಗನ್ನ ಕರಕೊಂಡ ಬಂದು ಬಿಟ್ರು. ನೀರು ಕುಡದು ಹ್ವಾದ್ರು.’ ಒಂದು ಕ್ಷಣ ಸುಮ್ಮನಿದ್ದು ಸೇರಿಸಿದರು, ‘ಬರದಂಗ ಮಾಡಿದ್ರು ನೋಡ್ರಿ.’

ಹಿಂದಿನಿಂದ ಹುಡುಗನ ದನಿ ಕೇಳುತ್ತಿತ್ತು. ಅಜ್ಜನ ಸೈಕಲ್ಲಿಗೆ ಗಾಳಿ ಇಲ್ಲವೆಂದು ತಕರಾರು ಮಾಡುತ್ತಿದ್ದ.